ಕಿವಿ ಮುಟ್ಟುವ ವಯಸ್ಸು

ನಮ್ಮ ಸೀಮೆಯಲ್ಲಿ ಮಕ್ಕಳು ಹುಟ್ಟುವುದಿಲ್ಲ, ಸಿಗುತ್ತಾರೆ. ಹೊಳೆನರಸೀಪುರದಲ್ಲಾದರೆ ಹೇಮಾವತಿಗೆ ಹೊಸ ನೀರು ಬಂದಾಗ ತೇಲಿ ಬರುತ್ತಾರೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲು ತೆಗೆದರೆ ಒಳಗೆ ಅಳುತ್ತ ಕೂತಿರುತ್ತಾರೆ. ಚನ್ನರಾಯಪಟ್ಟಣದವರು ಬೂಕನಬೆಟ್ಟದ ಜಾತ್ರೆಗೆ ಎತ್ತು ಹಿಡಿಯಲು ಹೋಗಿ, ವ್ಯಾಪಾರ ಕುದುರದೆ, ಬರಿಗೈಲಿ ಬರಬಾರದೆಂದು ಒಂದು ಮಗುವನ್ನು ಹಿಡಿದು ತರುತ್ತಾರೆ. ಹಾಸನದವರು ಸ್ವಲ್ಪ ಪಟ್ಟಣದವರು. ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ತಂದೆವು ಎನ್ನುತ್ತಾರೆ. ಈಗಿನ ಬಿಲ್ಲುಗಳನ್ನು ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ಇವೆಲ್ಲಕ್ಕೂ ಮಿಗಿಲಾಗಿ ನಾಲ್ಕೂ ಊರಿನಲ್ಲಿ ಚಾಲ್ತಿಯಲ್ಲಿರುವುದು ತೌಡಿನ ಕಥೆ. ನನ್ನನ್ನು ಎರಡು ಸೇರು ತೌಡು ಕೊಟ್ಟು ಕೊಂಡರಂತೆ. ತಂಗಿಗೆ ಮೂರು ಸೇರು. ಆ ಒಂದು ಸೇರಿನ ತಕರಾರು ನಮ್ಮಿಬ್ಬರ ನಡುವೆ ಇವತ್ತಿಗೂ ಬಗೆಹರಿದಿಲ್ಲ.

ಇದನ್ನು ಕೇಳಿ ನಗುವವರು ಯೂರೋಪಿನ ಪಂಡಿತರ ಕಥೆಯನ್ನೂ ಒಮ್ಮೆ ಕೇಳಬೇಕು. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ, ತಾನೇ ಉಜ್ಜಿ ಮಾಡಿಕೊಂಡ ಮಸೂರದಲ್ಲಿ ವೀರ್ಯಾಣುಗಳು ಈಜುವುದನ್ನು ಕಂಡ. 1694ರಲ್ಲಿ ಅದೇ ದೇಶದ ಹಾರ್ಟ್ಸೂಕರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವೀರ್ಯಾಣುವಿನ ತಲೆಯೊಳಗೆ ಮಂಡಿ ಮಡಿಸಿ ಕೂತ ಪುಟ್ಟ ಮನುಷ್ಯನ ಚಿತ್ರ ಬರೆದು ಅಚ್ಚು ಹಾಕಿಸಿಬಿಟ್ಟ. ಅಂದರೆ ಮಗು ಅಪ್ಪನಲ್ಲೇ ಪೂರ್ತಿ ತಯಾರು. ಅಮ್ಮ ಬರೀ ಹೊಲ. ಸಸ್ತನಿಗಳಲ್ಲಿ ಹೆಣ್ಣಿಗೂ ಒಂದು ಅಂಡಾಣು ಉಂಟು ಎನ್ನುವುದನ್ನು ಕಣ್ಣಾರೆ ಕಂಡದ್ದು 1827ರಲ್ಲಿ, ಫಾನ್ ಬೇರ್ ಎಂಬಾತ, ಅದೂ ಒಂದು ನಾಯಿಯಲ್ಲಿ. ಅಲ್ಲಿಂದ ಈಚೆಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ನಮ್ಮ ತೌಡಿನ ವ್ಯಾಪಾರದಲ್ಲಿ ಅಪ್ಪ ಅಮ್ಮ ಇಬ್ಬರೂ ಜೊತೆಗೆ ಹೋಗಿ ಚೌಕಾಸಿ ಮಾಡಿದ್ದರು ಎನ್ನುವುದನ್ನು ಗಮನಿಸಬೇಕು.

ಇವೆಲ್ಲ ನನ್ನ ತಲೆಗೆ ಹತ್ತಿದ್ದು ಮಗಳು ಬಸುರಿಯಾದಾಗ. ನಾವಿರುವುದು ಹಾಸನ. ನನ್ನ ತಾಯಿ ಹೊಳೆನರಸೀಪುರದವರು, ಹೆಂಡತಿಯ ತವರು ಅರಕಲಗೂಡು, ಮಗಳನ್ನು ಕೊಟ್ಟಿರುವುದು ಚನ್ನರಾಯಪಟ್ಟಣಕ್ಕೆ. ಒಂದೇ ಮಗುವನ್ನು ಅಳೆಯಲು ನಾಲ್ಕು ಊರಿನ ಮೊಳ. ಮೊದಲ ಜಗಳ ದಿನದ ಲೆಕ್ಕದಲ್ಲೇ ಶುರುವಾಯಿತು. ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ಬರೆಯುವ ಲೆಕ್ಕ ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನ. ಆದರೆ ಗರ್ಭ ಕಟ್ಟುವುದೇ ಅದರ ಮೇಲೆ ಸುಮಾರು ಎರಡು ವಾರಕ್ಕೆ. ಹಾಗಾಗಿ ಸರ್ಕಾರದ ಕಾಗದದಲ್ಲಿ ಮೊದಲ ಹದಿನೈದು ದಿನ ಮಗುವೇ ಇರುವುದಿಲ್ಲ, ವಯಸ್ಸು ಮಾತ್ರ ಓಡುತ್ತಿರುತ್ತದೆ. ಕೆಲಸಕ್ಕೆ ಸೇರುವ ಮುಂಚೆಯೇ ಸರ್ವಿಸ್ ಎಣಿಸುವ ಇಂಥ ಸವಲತ್ತು ನಾನು ನೌಕರಿಯಲ್ಲಿ ಕಂಡಿರಲಿಲ್ಲ. ನನ್ನ ತಾಯಿಗೆ ಕಾರ್ಡೂ ಬೇಡ, ಕ್ಯಾಲೆಂಡರೂ ಬೇಡ. "ಯುಗಾದಿ ಕಳೆದ ಮ್ಯಾಲೆ ನಿಂತದ್ದು ಅಲ್ವಾ? ಸಂಕ್ರಾಂತಿ ಎಳ್ಳು ಬೀರೋ ಹೊತ್ಗೆ ತೊಟ್ಲಲ್ಲಿ ಇರ್ತದೆ ಬುಡು" ಎಂದರು. ಡಾಕ್ಟರ ತಾರೀಕು ಜನವರಿ 13 ಎಂದು ಬಂತು. ಡಾಕ್ಟರು ಬರೆದುಕೊಟ್ಟ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ ಅಂತೆ. ಹಬ್ಬದ ಲೆಕ್ಕದಲ್ಲಿ ಎರಡು ದಿನ ಹಿಂದೆ ಮುಂದೆ ಆದರೂ ಹಬ್ಬದ ಮನೆಯೇ.

ಮಗಳ ಫೋನಿನಲ್ಲಿ ಒಂದು ಆ್ಯಪ್ ಇತ್ತು. ವಾರ ವಾರಕ್ಕೂ ಮಗು ಈಗ ಇಷ್ಟು ದೊಡ್ಡದು ಎಂದು ಹಣ್ಣಿನ ಚಿತ್ರ ತೋರಿಸುತ್ತಿತ್ತು. ಏಳನೇ ವಾರ ಬ್ಲೂಬೆರಿ ಎಂದಿತು. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ನಾನು ಎಲ್ಲ ನೋಡಿದ್ದೇನೆ, ಬ್ಲೂಬೆರಿ ನೋಡಿಲ್ಲ. ಒಂದು ಸೆಂಟಿಮೀಟರು ಎಂದು ತಿಳಿದ ಮೇಲೆ ಹೆಂಡತಿ "ಅಂದ್ರೆ ಅವರೆಕಾಳು" ಎಂದು ತೀರ್ಪು ಕೊಟ್ಟಳು. ಅಲ್ಲಿಂದ ಆ್ಯಪಿನ ಹಣ್ಣುಗಳನ್ನೆಲ್ಲ ನಮ್ಮ ಪೈರಿಗೆ ತಿರುಗಿಸಿಕೊಳ್ಳುವುದೇ ಮನೆಯ ಕೆಲಸವಾಯಿತು. ಹನ್ನೆರಡನೇ ವಾರಕ್ಕೆ ಆರು ಸೆಂಟಿಮೀಟರಿನ ಹತ್ತಿರ ಬಂತು, ಆಲೂಗೆಡ್ಡೆ. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ.

ಸೋಜಿಗ ಎಂದರೆ, ಅವರೆಕಾಳು ಆಗುವ ಮುಂಚೆಯೇ ಅದಕ್ಕೆ ಹೃದಯ ಬಡಿಯುತ್ತಿರುತ್ತದೆ. ಗರ್ಭ ಕಟ್ಟಿ ಸುಮಾರು ಇಪ್ಪತ್ತೆರಡನೇ ದಿನಕ್ಕೆ ಶುರು. ಮುಟ್ಟು ತಪ್ಪಿತೋ, ಒಂದು ವಾರ ತಡವೋ ಎಂದು ಹುಡುಗಿ ಬೆರಳು ಮಡಿಸುತ್ತಿರುವಾಗಲೇ ಒಳಗೆ ಇನ್ನೊಂದು ಗಡಿಯಾರ ನಡೆಯುತ್ತಿರುತ್ತದೆ. ನಮ್ಮ ಗರ್ಭೋಪನಿಷತ್ತು ಕೂಡ ಲೆಕ್ಕ ಇಟ್ಟಿದೆ: ಏಳು ರಾತ್ರಿಗೆ ಗುಳ್ಳೆ, ಹದಿನೈದು ದಿನಕ್ಕೆ ಪಿಂಡ, ಎರಡು ತಿಂಗಳಿಗೆ ತಲೆ, ಮೂರು ತಿಂಗಳಿಗೆ ಕಾಲು. ಸ್ಕ್ಯಾನಿಂಗ್ ಇಲ್ಲದ ಕಾಲದವರು ಇದನ್ನು ಹೇಗೆ ಕಂಡರೋ. ತಾರೀಕು ಎಲ್ಲವೂ ಸರಿಹೊಂದುವುದಿಲ್ಲ, ತಲೆ ಮೊದಲು ಎಂದದ್ದು ಮಾತ್ರ ಸರಿ. ಮೂರನೇ ತಿಂಗಳ ಆರಂಭದಲ್ಲಿ ಮಗುವಿನ ಅರ್ಧ ಉದ್ದ ಬರೀ ತಲೆ. ಹುಟ್ಟುವಾಗ ಕಾಲುಭಾಗ. ಆಮೇಲೆ ಮೈ ಬೆಳೆದು ತಲೆಯನ್ನು ಹಿಂದೆ ಹಾಕುತ್ತ ಹೋಗುತ್ತದೆ. ಕೆಲವರಲ್ಲಿ ತೀರಾ ಹಿಂದೆ ಹಾಕಿಬಿಡುತ್ತದೆ.

ಹಳೇಬೀಡು ನಮ್ಮಿಂದ ದೂರವಲ್ಲ. ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯಲ್ಲಿ ಚಕ್ರವ್ಯೂಹದೊಳಗೆ ಸಿಕ್ಕಿಕೊಂಡ ಅಭಿಮನ್ಯುವನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಹೊಟ್ಟೆಯಲ್ಲಿದ್ದಾಗಲೇ ಅರ್ಜುನನ ಬಾಯಿಂದ ಒಳಹೋಗುವ ದಾರಿ ಕೇಳಿಸಿಕೊಂಡ, ಸುಭದ್ರೆ ತೂಕಡಿಸಿದ್ದರಿಂದ ಹೊರಬರುವ ದಾರಿ ತಪ್ಪಿತು. ಎಂಟನೇ ತಿಂಗಳ ಬಸುರಿಗೆ ಕೂತಲ್ಲೇ ತೂಕಡಿಕೆ ಬರುವುದು ಸಹಜ; ಮಗ ಯುದ್ಧದಲ್ಲಿ ಸತ್ತದ್ದಕ್ಕೆ ಅದನ್ನು ಕಾರಣ ಮಾಡಿದ್ದು ಗಂಡಸರ ಲೆಕ್ಕಾಚಾರ ಎಂದು ನನ್ನ ಹೆಂಡತಿಯ ಅಭಿಪ್ರಾಯ, ನನ್ನದೂ ಈಗ ಅದೇ. ಆದರೆ ಕೇಳಿಸಿಕೊಳ್ಳುವ ಮಾತು ಕಟ್ಟುಕಥೆಯಲ್ಲ. ಆರನೇ ತಿಂಗಳ ಸುಮಾರಿಗೆ ಮಗುವಿಗೆ ಹೊರಗಿನ ಸದ್ದು ತಾಗತೊಡಗುತ್ತದೆ. 1986ರಲ್ಲಿ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಅಮೆರಿಕದ ಇಬ್ಬರು, ಬಸುರಿಯರಿಗೆ ಕಡೆಯ ಆರು ವಾರ ದಿನಕ್ಕೆ ಎರಡು ಸಲ ಒಂದೇ ಮಕ್ಕಳ ಕಥೆಯನ್ನು ಗಟ್ಟಿಯಾಗಿ ಓದಲು ಹೇಳಿದರು. ಹುಟ್ಟಿ ಎರಡು ಮೂರು ದಿನದ ಆ ಕೂಸುಗಳು ಚೀಪುವ ಲಯ ಬದಲಿಸಿಕೊಂಡು, ಬೇರೆ ಕಥೆ ಬೇಡ, ಅದೇ ಬೇಕು ಎಂದವು. ನಮ್ಮ ಮೊಮ್ಮಗಳು ಆ ಆರು ವಾರದಲ್ಲಿ ಏನು ಕೇಳಿಸಿಕೊಂಡಿರಬಹುದು ಎಂದು ಲೆಕ್ಕ ಹಾಕಿದೆ. ಕುಕ್ಕರಿನ ಸಿಳ್ಳೆ, ರಾತ್ರಿ ಎಂಟರ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕಿತ್ತಾಟ, ಮತ್ತು ಚೆಕಪ್ಪಿಗೆ ಹೋಗಿಬರುವಾಗ ಕಂಡಕ್ಟರಿನ "ಒಳಗ್ ನಡೀರಿ, ಒಳಗ್ ನಡೀರಿ, ಹಿಂದ್ ಖಾಲಿ ಐತೆ". ಒಳಗೆ ಹೋಗುವ ದಾರಿಯೊಂದೇ ಹೇಳುವ ವಿಷಯದಲ್ಲಿ ಕಂಡಕ್ಟರು ಅರ್ಜುನನಿಗೆ ಸಮ.

ಗಂಡೋ ಹೆಣ್ಣೋ ಎಂಬ ಪ್ರಶ್ನೆಗೆ ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲೇ ಉತ್ತರ ಬರೆದು ಹಾಕಿರುತ್ತಾರೆ: ಹೇಳುವುದಿಲ್ಲ, ಕೇಳುವುದೂ ಅಪರಾಧ. 1994ರ ಕಾನೂನು. ಕಾನೂನಿನ ಕೈಗೆ ಸಿಗದವರು ಅಜ್ಜಿಯರು. ಹೊಟ್ಟೆ ಮುಂದಕ್ಕೆ ಚೂಪಾಗಿದ್ದರೆ ಇದು, ಅಗಲವಾಗಿದ್ದರೆ ಅದು; ಹುಳಿ ಬಯಸಿದರೆ ಒಂದು, ಸಿಹಿ ಬಯಸಿದರೆ ಇನ್ನೊಂದು. ಅರಕಲಗೂಡಿನಿಂದ ಬಾಣಂತನಕ್ಕೆಂದು ಬಂದ ನನ್ನ ಹೆಂಡತಿಯ ದೊಡ್ಡಮ್ಮ, ಮಗಳು ಹೊಸಿಲು ದಾಟುವಾಗ ಬಲಗಾಲು ಮೊದಲಿಟ್ಟದ್ದನ್ನು ನೋಡಿ ಗಂಡೇ ಎಂದು ಸಾರಿಬಿಟ್ಟರು. ಅವರ ಭವಿಷ್ಯ ಅರ್ಧಕ್ಕರ್ಧ ನಿಜವಾಗಿದೆ. ನಾಣ್ಯ ಚಿಮ್ಮಿದವರಿಗೂ ಅಷ್ಟೇ ನಿಜವಾಗುತ್ತದೆ. ಇದರಲ್ಲಿ ನಗುವುದು ನಮ್ಮ ಹಜಾರದ ಮಟ್ಟಿಗೆ ಸರಿ. ಚನ್ನರಾಯಪಟ್ಟಣ ದಾಟಿದರೆ ಸಿಗುವ ಮಂಡ್ಯ ಜಿಲ್ಲೆಯಲ್ಲಿ, 2023ರಲ್ಲಿ, ಬೆಲ್ಲ ಬೇಯಬೇಕಾದ ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಹುಡುಕುತ್ತಿದ್ದವರು ಸಿಕ್ಕಿಬಿದ್ದರು. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಮೂರು ದಾಟಿದ ಹುಡುಗಿ ಬೆಲ್ಲಕ್ಕೇ ಹಟ ಮಾಡುತ್ತಿದ್ದಳು. ಯಾರಿಗೂ ಇಲ್ಲ ಎನ್ನಲು ಮನಸ್ಸಾಗಲಿಲ್ಲ.

ಹೆರಿಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಪಾಲು ಕಾರಿಡಾರಿನಲ್ಲಿ ಕಾಫಿ ಕುಡಿದದ್ದು ಮಾತ್ರ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಕಾಲದ ಹೆರಿಗೆಗಳಲ್ಲಿ ಗಂಡಸರಿಗೆ ನೀರು ಕಾಯಿಸುವ ಕೆಲಸವಾದರೂ ಇತ್ತು. ಸಂಕ್ರಾಂತಿಯ ಮಾರನೇ ದಿನ ಹೆಣ್ಣು ಮಗು ಹುಟ್ಟಿತು. ನನ್ನ ತಾಯಿ ಗೆದ್ದರು, ದೊಡ್ಡಮ್ಮ ಸೋತರು. ದೊಡ್ಡಮ್ಮ ಮಾತ್ರ ಅದನ್ನು ಒಪ್ಪದೆ, "ಗಂಡಿನ್ ಥರಾನೇ ಅಳ್ತದೆ ನೋಡು" ಎಂದರು.

ತೂಕ ಎರಡು ಕಿಲೋ ಏಳುನೂರು. ಮತ್ತೆ ಶುರುವಾಯಿತು. "ಅಂಗೈಯಷ್ಟೈತಲ್ಲಪ್ಪ" ಎಂದು ತಾಯಿ. "ನಮ್ಮ ಕಡೆ ಎಲ್ಲಾ ಮೂರೂವರೆ ಕೆ.ಜಿ.ನೇ" ಎಂದು ಚನ್ನರಾಯಪಟ್ಟಣದ ಬೀಗಿತ್ತಿ, ತೆಂಗಿನಕಾಯಿ ವಿಷಯ ಹೇಳುವ ದನಿಯಲ್ಲಿ. ನರ್ಸಮ್ಮ ಯಾರ ಮಾತಿಗೂ ಕಿವಿಗೊಡದೆ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಬರೆದುಕೊಂಡು ಹೋದರು. ಆ ಬರವಣಿಗೆಯ ಮೇಲೆ ನನಗೆ ದೊಡ್ಡ ಗೌರವ ಇದೆ, ಅದಕ್ಕೊಂದು ಕಾರಣವೂ ಇದೆ.

ಹಾಸನದಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಇರುವಂತೆ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಎರಡೂ ಕಡೆ ಜನ ಕರೆಯುವುದು ಮಿಷನ್ ಆಸ್ಪತ್ರೆ ಎಂದೇ. ಮೈಸೂರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 1934ರಿಂದಲೇ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಅಳತೆ ಬರೆದಿಡುತ್ತಿದ್ದರು. ಯಾರು ಓದುತ್ತಾರೆಂದು ಬರೆದರೋ. ಅರವತ್ತು ವರ್ಷದ ಮೇಲೆ, 1990ರ ದಶಕದಲ್ಲಿ, ಕ್ಯಾರೊಲಿನ್ ಫಾಲ್ ಎಂಬ ಇಂಗ್ಲೆಂಡಿನ ವೈದ್ಯೆ ಮತ್ತು ಮೈಸೂರಿನ ವೈದ್ಯರು ಸೇರಿ ಆ ಲೆಡ್ಜರುಗಳನ್ನು ಬಿಚ್ಚಿದರು. 1934ರಿಂದ 1954ರ ನಡುವೆ ಹುಟ್ಟಿದವರನ್ನು ಊರಿನಲ್ಲಿ ಹುಡುಕಿ, ಐನೂರಕ್ಕೂ ಹೆಚ್ಚು ಜನರನ್ನು ಅದೇ ಆಸ್ಪತ್ರೆಗೆ ಕರೆತಂದು ರಕ್ತ, ಎದೆ ಎಲ್ಲ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ, ಅದರಲ್ಲೂ ತಾಯಿಯೂ ಬಡಕಲಾಗಿದ್ದವರಲ್ಲಿ, ಹೃದಯದ ಕಾಯಿಲೆ ಹೆಚ್ಚು. ಸಕ್ಕರೆ ಕಾಯಿಲೆಯದು ಬೇರೆ ಕಥೆ: ಹುಟ್ಟುವಾಗ ಗಿಡ್ಡಕ್ಕೆ ಗುಂಡಗಿದ್ದವರಲ್ಲಿ, ದಪ್ಪ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು. ಐವತ್ತನೇ ವಯಸ್ಸಿನ ಮನುಷ್ಯನ ಮಾತ್ರೆಯ ಪಟ್ಟಿಯ ಒಂದು ಸಾಲನ್ನು ಅವನು ತೊಟ್ಟಿಲು ಸೇರುವ ಮುಂಚೆಯೇ ಬರೆದಿರುತ್ತಾರೆ ಎಂದಾಯಿತು. 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಎಂಟುನೂರಕ್ಕೂ ಹೆಚ್ಚು ಬಸುರಿಯರಿಂದ ಹೊಸ ಅಧ್ಯಯನ ಶುರುಮಾಡಿ, ಅವರ ಮಕ್ಕಳನ್ನು ಅಳೆಯುತ್ತಲೇ ದೊಡ್ಡವರಾಗುವವರೆಗೆ ಹಿಂಬಾಲಿಸಿದ್ದಾರೆ. ಪ್ರಪಂಚದ ವೈದ್ಯರು ಮೈಸೂರು ಎಂದರೆ ದಸರಾ ನೆನೆಯುವುದಿಲ್ಲ, ಈ ಲೆಡ್ಜರು ನೆನೆಯುತ್ತಾರೆ. ಬೀಗಿತ್ತಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕೇಳಿ, "ಹಂಗಾದ್ರೆ ನಮ್ಮನೆಯವ್ರಿಗೆ ಶುಗರ್ ಬಂದದ್ದು ಅವರ್ ತಪ್ಪಲ್ಲ, ನಮ್ಮತ್ತೆದು" ಎಂದು ನಿಟ್ಟುಸಿರಿಟ್ಟರು. ಸಂಶೋಧನೆ ಈ ರೀತಿಯಲ್ಲಿ ಜನೋಪಯೋಗಿಯಾಗುತ್ತದೆಂದು ನಾನು ಎಣಿಸಿರಲಿಲ್ಲ.

ಇನ್ನೊಂದು ವಿಚಿತ್ರವನ್ನು ಇಲ್ಲಿ ಹೇಳಿಬಿಡಬೇಕು. ನಮ್ಮದು ಹಾಲಿನ ಜಿಲ್ಲೆ. ಯಾರ ಮನೆಯಲ್ಲಿ ಹಸು ಕರು ಹಾಕಿತು ಎಂದು ತಿಳಿದರೂ ಗಿಣ್ಣಿಗೆ ಪಾತ್ರೆ ಹಿಡಿದು ಹೊರಡುವವರು ನಾವು. ಏಲಕ್ಕಿ ಬೆಲ್ಲ ಹಾಕಿ ಬೇಯಿಸಿದ ಗಿಣ್ಣು ಸಿಕ್ಕರೆ ನೆಂಟಸ್ತಿಕೆಯ ಹಳೆಯ ಮುನಿಸನ್ನೆಲ್ಲ ಮರೆಯುತ್ತೇವೆ. ಇಂಥ ನಮ್ಮ ಮನೆಗಳಲ್ಲೇ ಬಾಣಂತಿಯ ಮೊದಲ ಮೂರು ದಿನದ ಹಳದಿ ಹಾಲನ್ನು ಕೆಟ್ಟದ್ದು ಎಂದು ಹಿಂಡಿ ಚೆಲ್ಲಿಸಿ ಮಗುವಿಗೆ ಸಕ್ಕರೆ ನೀರು ಕುಡಿಸುತ್ತಿದ್ದರು. ಕರುವಿಗೆ ಸಿಗಬೇಕಾದ್ದನ್ನು ನಾವು ತಿಂದು, ಕೂಸಿಗೆ ಸಿಗಬೇಕಾದ್ದನ್ನು ನೆಲಕ್ಕೆ ಚೆಲ್ಲಿದ ಬುದ್ಧಿವಂತರು. ಈಗ ಅದು ನಿಂತಿದೆ. ದೊಡ್ಡಮ್ಮನೂ "ಅದು ಗಿಣ್ಣಿದ್ದಂಗಂತೆ" ಎಂದೊಡನೆ ಸುಮ್ಮನಾದರು. ರೋಗನಿರೋಧಕ ಶಕ್ತಿ ಎಂದಾಗ ಅವರು ಒಪ್ಪಿರಲಿಲ್ಲ.

ದೊಡ್ಡಮ್ಮನ ನಿಜವಾದ ಸಾಮ್ರಾಜ್ಯ ಬಚ್ಚಲುಮನೆ. ಶ್ರವಣಬೆಳಗೊಳದ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಹಿಂದಿನದು 2018ರಲ್ಲಿ ಆಯಿತು. ನಮ್ಮ ಮನೆಯ ದಿಗಂಬರಿಗೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ. ದೊಡ್ಡಮ್ಮ ಮಣೆಯ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಕಣಕಾಲಿನ ಮೇಲೆ ಬೋರಲು ಹಾಕಿಕೊಂಡು, ನೆತ್ತಿಗೆ ಹರಳೆಣ್ಣೆ ಒತ್ತಿ, ಮೈಗೆ ಕಡಲೆಹಿಟ್ಟು ಉಜ್ಜಿ, ಚೊಂಬಿನಲ್ಲಿ ನೀರು ಎರೆಯುತ್ತಿದ್ದರೆ, ಬೀದಿಯ ಕೊನೆಯವರೆಗೂ ಅಳು ಕೇಳುತ್ತಿತ್ತು. ಆಮೇಲೆ ಸಾಂಬ್ರಾಣಿ ಹೊಗೆ, ಆಮೇಲೆ ಮೂರು ಗಂಟೆ ನಿದ್ದೆ. ಮೂಗಿಗೆ ಕಿವಿಗೆ ಎಣ್ಣೆ ಬಿಡಬೇಡಿ, ಬಜೆ ತೇಯ್ದು ನಾಲಿಗೆಗೆ ಹಚ್ಚಬೇಡಿ, ವರ್ಷ ತುಂಬುವವರೆಗೆ ಜೇನುತುಪ್ಪ ಮುಟ್ಟಿಸಬೇಡಿ, ಆರು ತಿಂಗಳು ತಾಯಿಹಾಲು ಬಿಟ್ಟು ಬೇರೇನೂ ಬೇಡ ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ದೊಡ್ಡಮ್ಮ ಎಣ್ಣೆ ಬಿಡುವುದನ್ನು ನಿಲ್ಲಿಸಿದರು, ಜೇನನ್ನು ಕೈಬಿಟ್ಟರು, ಬಜೆಯನ್ನು ನಾಲಿಗೆಗೆ ಹಚ್ಚುವುದು ಬಿಟ್ಟು ಬಳೆ ಮಾಡಿ ಕೈಗೆ ಕಟ್ಟಿದರು. "ಡಾಕುಟ್ರು ಹಚ್ಚಬೇಡಿ ಅಂದ್ರು, ಕಟ್ಟಬೇಡಿ ಅಂದ್ರಾ?" ನೆತ್ತಿಯ ಮೆದು ಜಾಗ ತುಂಬಲು ಒಂದೂವರೆ ವರ್ಷದಷ್ಟು ಕಾಲ ಬೇಕು, ಎಣ್ಣೆ ಒತ್ತಿದರೂ ಒತ್ತದಿದ್ದರೂ. ಆದರೆ ಒತ್ತುವ ಕೈಗೆ ಅದನ್ನು ಹೇಳಬಾರದು.

ಕೆನ್ನೆಗೆ ಕಪ್ಪು ಬೊಟ್ಟು ಇಡುವುದನ್ನು ಕಂಡು ನಗುವ ವಯಸ್ಸು ನನಗೂ ಇತ್ತು. ಆದರೆ ಆ ಬೊಟ್ಟು ಇಟ್ಟ ಕೈಗಳು ಏನು ನೋಡಿದ್ದವು? ಹಾಸನದಲ್ಲಿ 1908ರಲ್ಲಿ ಹುಟ್ಟಿದ ಲೇಖಕ ರಾಜಾರಾಯರು ನಾಲ್ಕನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಭೈರಪ್ಪನವರು ಎಳವೆಯಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕೊಟ್ಟರು. 'ಗೃಹಭಂಗ' ಓದಿದವರಿಗೆ ಆ ಊರು, ಆ ಪ್ಲೇಗು ಗೊತ್ತು. ನನ್ನ ತಾಯಿ ತಾವು ಹೆತ್ತವರನ್ನು ಎಣಿಸುವಾಗ "ಉಳಿದದ್ದು" ಎಂದೇ ಎಣಿಸುತ್ತಾರೆ. 2020ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮುನ್ನ ಕಳೆದುಹೋಗುವುದು 19. ಇದು ಬೊಟ್ಟಿನಿಂದ ಆದದ್ದಲ್ಲ. ಲಸಿಕೆ, ಶುದ್ಧ ನೀರು, ಆಸ್ಪತ್ರೆಯ ಹೆರಿಗೆ, ಮನೆಮನೆಗೆ ಬರುವ ಆಶಾ ಅಕ್ಕಂದಿರಿಂದ ಆದದ್ದು. ಆದರೂ ಬೊಟ್ಟನ್ನು ಒರೆಸುವ ಧೈರ್ಯ ನನಗಿಲ್ಲ.

ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ, 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಬಂತು. ಮೂರು ತಿಂಗಳ ಬಾಣಂತನ ಹಿಗ್ಗಿ ಹಿಗ್ಗಿ ಎಲ್ಲಿಗೋ ಹೋಯಿತು. ದೊಡ್ಡಮ್ಮ ಅರಕಲಗೂಡಿಗೆ ಹೋಗುವಂತಿಲ್ಲ, ಬೀಗರು ಚನ್ನರಾಯಪಟ್ಟಣದಿಂದ ಬರುವಂತಿಲ್ಲ. ಮೂವತ್ತೈದು ಕಿಲೋಮೀಟರು ಆಚೆ ಇರುವ ಅಜ್ಜಿ ತಾತ ಮೊಮ್ಮಗಳ ಕತ್ತು ನಿಂತದ್ದು, ಮಗುಚಿಕೊಂಡದ್ದು, ತೆವಳಿದ್ದು ಎಲ್ಲವನ್ನೂ ವಿಡಿಯೊ ಕಾಲಿನಲ್ಲಿ ನೋಡಿದರು. ಮಕ್ಕಳಿಗೆ ಒಂದು ದುಷ್ಟಬುದ್ಧಿ ಇದೆ: ಕ್ಯಾಮೆರಾ ಆಫ್ ಆದ ಮೇಲೆಯೇ ಮಗುಚಿಕೊಳ್ಳುವುದು. "ಇನ್ನೂ ಅಂಬೆಗಾಲು ಹಾಕ್ಲಿಲ್ವಾ? ನಮ್ಮ ಮಗ ಏಳಕ್ಕೇ ಹಾಕಿದ್ದ" ಎಂದು ಬೀಗಿತ್ತಿ ದಿನಕ್ಕೊಮ್ಮೆ ಕೇಳುವರು. ನಮ್ಮ ಹುಡುಗಿ ಕೂತಲ್ಲೇ ಕುಂಡೆ ಜಾರಿಸಿಕೊಂಡು ಮನೆಯೆಲ್ಲ ಸುತ್ತುತ್ತಿದ್ದಳೇ ಹೊರತು ಅಂಬೆಗಾಲು ಹಾಕಲೇ ಇಲ್ಲ. ನಾನು ಪುಸ್ತಕ ತೆಗೆದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನು ವರ್ಷಗಟ್ಟಲೆ ಅಳೆದು 2006ರಲ್ಲಿ ಒಂದು ಅಳತೆಪಟ್ಟಿ ಹೊರಡಿಸಿತು. ಅದರ ಪ್ರಕಾರ ಒಂದು ಮಗು ಕೈಬಿಟ್ಟು ನಡೆಯುವುದು ಎಂಟು ತಿಂಗಳು ಚಿಲ್ಲರೆಗೂ ಆಗಬಹುದು, ಹದಿನೇಳೂವರೆ ತಿಂಗಳಿಗೂ ಆಗಬಹುದು. ಎರಡೂ ಸರಿ. ಅಂಬೆಗಾಲಂತೂ ನೂರಕ್ಕೆ ನಾಲ್ಕು ಮಕ್ಕಳು ಹಾಕುವುದೇ ಇಲ್ಲ. ನೇರ ಎದ್ದು ನಿಲ್ಲುತ್ತಾರೆ. ಇದನ್ನು ಫೋನಿನಲ್ಲಿ ಓದಿ ಹೇಳಿದೆ. ಆ ಕಡೆಯಿಂದ ಬೀಗರು, "ಅದು ನಾರ್ವೆ ಮಕ್ಕಳದ್ದು ಇರಬೇಕು ಬಿಡಿ" ಎಂದರು.

ವಾಸ್ತವವಾಗಿ ಆ ಪಟ್ಟಿ ಹೇಳುವುದು ತದ್ವಿರುದ್ಧ. ಹೊಟ್ಟೆ ತುಂಬ ತಾಯಿಹಾಲು, ಶುಚಿಯಾದ ಮನೆ, ಸಕಾಲಕ್ಕೆ ಲಸಿಕೆ ಸಿಕ್ಕ ದೆಹಲಿಯ ಮಗುವೂ ನಾರ್ವೆಯ ಮಗುವೂ ಐದು ವರ್ಷದವರೆಗೆ ಹೆಚ್ಚು ಕಡಿಮೆ ಒಂದೇ ಸಮ ಬೆಳೆಯುತ್ತವೆ. ನಮ್ಮ ವಂಶವೇ ಕುಳ್ಳು ಎಂದು ನಾವು ಹೇಳುವುದರಲ್ಲಿ ವಂಶದ ಪಾಲಿಗಿಂತ ಊಟದ ಪಾಲು ಹೆಚ್ಚಿರಬಹುದು. ನಮ್ಮ ಕಡೆಯ ಊಟಕ್ಕೇನು ಕೊರತೆ? ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ ಇದೆ. ದೊಡ್ಡಮ್ಮ ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿದು ಸರಿ ಹಿಟ್ಟು ಮಾಡಿದರು. ಮೊದಲ ಚಮಚ ಬಾಯಿಗಿಟ್ಟಾಗ ಹುಡುಗಿ ಮಾಡಿದ ಮುಖವನ್ನು ಮಾತ್ರ ಯಾವ ಪಟ್ಟಿಯಲ್ಲೂ ಸೇರಿಸಲಾಗದು.

ಮಾತಿನ ವಿಷಯಕ್ಕೆ ಬಂದರೆ ನ್ಯಾಯ ಇನ್ನೂ ಕಷ್ಟ. ಮೊದಲ ಮಾತು "ತಾತ" ಎಂದು ನನ್ನ ವಾದ. "ತಾಚಿ" ಎಂದು ಹೆಂಡತಿ. "ಅತ್ತತ್ತ" ಅಂತು, ಅಂದರೆ ಅತ್ತೆ, ಎಂದು ಅಳಿಯನ ತಂಗಿ. ತುಟಿ ಮುಚ್ಚಿ ತೆರೆದರೆ ಮ, ಪ. ನಾಲಿಗೆ ತಾಕಿದರೆ ತ. ಎಳೆ ಬಾಯಿಗೆ ಸಿಗುವುದೇ ಇಷ್ಟು, ಆ ಇಷ್ಟರಲ್ಲೇ ಲೋಕದ ಬಹುಪಾಲು ಭಾಷೆಗಳು ಅಮ್ಮ ಅಪ್ಪ ತಾತರನ್ನು ಅಡಗಿಸಿಕೊಂಡು ಕೂತಿವೆ. ಕೆನಡಾದಲ್ಲಿ ವರ್ಕರ್ ಮತ್ತು ಟೀಸ್ ಎಂಬವರು 1984ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ನಡುವಿನ ವ್ಯತ್ಯಾಸವನ್ನು ಸಲೀಸಾಗಿ ಹಿಡಿದವು. ವರ್ಷ ತುಂಬುವ ಹೊತ್ತಿಗೆ ಅದು ಅವುಗಳ ಕಿವಿಯಿಂದ ಜಾರಿಹೋಗಿತ್ತು. ಮನೆಯಲ್ಲಿ ಬೇಡದ ಸದ್ದನ್ನು ಮಗು ಕೈಬಿಡುತ್ತ ಬರುತ್ತದೆ. ನಮ್ಮಲ್ಲಿ ಆ ಗತಿ ಹಕಾರಕ್ಕೆ. ಹಾಸನದಲ್ಲೇ ಹುಟ್ಟಿ ಬೆಳೆದವರು ತಮ್ಮ ಊರನ್ನು "ಆಸ್ನ" ಎನ್ನುವುದನ್ನು ಕೇಳಿದಾಗ, ಇವರು ಒಂಬತ್ತನೇ ತಿಂಗಳಲ್ಲಿ ಏನನ್ನೋ ಕಳೆದುಕೊಂಡರಲ್ಲ ಎಂದು ನನಗೆ ಮರುಕ. ನಾನೂ ಅವರಲ್ಲೊಬ್ಬ.

ಮೂರು ತುಂಬಿದ ಮೇಲೆ ಅಂಗನವಾಡಿ. ಕರ್ನಾಟಕದಲ್ಲಿ ಇದರ ಮೊದಲ ಹೆಜ್ಜೆ 1975ರ ಅಕ್ಟೋಬರ್ 2ರಂದು, ಟಿ. ನರಸೀಪುರದಲ್ಲಿ. ನಮ್ಮ ಬಡಾವಣೆಯ ಅಂಗನವಾಡಿ ಮಿಸ್ಸು ತಿಂಗಳಿಗೊಮ್ಮೆ ತೂಗುತ್ತಾರೆ, ತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡುತ್ತಾರೆ: ಹಸಿರಾದರೆ ಸೈ, ಕೆಂಪು ಬಂದರೆ ಗಾಬರಿ. ಮನೆಯಲ್ಲಿ ನನ್ನದೊಂದು ಪೆನ್ಸಿಲು, ಬಾಗಿಲ ಚೌಕಟ್ಟು. ಮೊದಲ ವರ್ಷ ಗೇಣಿಗೂ ಮಿಕ್ಕಿ ಬೆಳೆದ ಹುಡುಗಿ ಈಗ ವರ್ಷಕ್ಕೆ ಆರು ಸೆಂಟಿಮೀಟರಿಗೆ ಬಂದು ನಿಂತಿದ್ದಾಳೆ. ಅವಳಿಗೆ ಅದು ಸಾಲದು. ಗೋಡೆಗೆ ನಿಲ್ಲಿಸಿದರೆ ತುದಿಗಾಲಲ್ಲಿ ನಿಲ್ಲುತ್ತಾಳೆ.

ಈಗ ಶಾಲೆ. ನನ್ನ ಕಾಲದಲ್ಲಿ ಒಂದನೇ ಕ್ಲಾಸಿಗೆ ಸೇರಲು ಇದ್ದದ್ದು ಒಂದೇ ಪರೀಕ್ಷೆ. ಹೆಡ್ಮಾಸ್ತರು, "ಬಲಗೈನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟೋ" ಎನ್ನುವರು. ಮುಟ್ಟಿದರೆ ಒಳಗೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಇದನ್ನು ಹಳ್ಳಿಮುಕ್ಕರ ಪದ್ಧತಿ ಎಂದು ತಳ್ಳುವವರು ಮಗುವಿನ ಮೈಯನ್ನು ಸರಿಯಾಗಿ ನೋಡಿಲ್ಲ. ಎರಡು ವರ್ಷದ ಮಗುವಿಗೆ ಕೈ ಎತ್ತಿದರೆ ನೆತ್ತಿಯೇ ಸರಿಯಾಗಿ ಸಿಗದು, ಅಷ್ಟು ದಪ್ಪ ತಲೆ, ಅಷ್ಟು ಮೋಟು ತೋಳು. ಆರರ ಹೊತ್ತಿಗೆ ಮಿದುಳು ದೊಡ್ಡವರ ಗಾತ್ರದ ನೂರಕ್ಕೆ ತೊಂಬತ್ತು ಮುಟ್ಟಿ ತಲೆಯ ಬೆಳವಣಿಗೆ ನಿಧಾನವಾಗುತ್ತದೆ, ತೋಳು ಉದ್ದವಾಗಿ ಬಂದು ಆ ಕಡೆಯ ಕಿವಿಯನ್ನು ಹಿಡಿಯುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದ ಊರಿನಲ್ಲಿ ಮಗುವಿನ ಮೈಯೇ ಜನನ ಪತ್ರ. ಫಿಲಿಪೈನ್ಸಿನಲ್ಲೂ ಇದೇ ಪರೀಕ್ಷೆ ಇತ್ತು. ಕಿವಿ ಸಿಕ್ಕ ಮೇಲೆ ಮಾಸ್ತರು ತಾರೀಕನ್ನು ತಾವೇ ಬರೆದುಕೊಳ್ಳುತ್ತಿದ್ದರು, ಶಾಲೆಗೆ ಅನುಕೂಲವಾಗುವಂತೆ. ಹಾಗಾಗಿ ನನ್ನ ವಾರಿಗೆಯವರಲ್ಲಿ ಅರ್ಧ ಜನ ಜೂನ್ 1ರಂದು ಹುಟ್ಟಿದವರು, ನಾನೂ ಸೇರಿ. ಬ್ಯಾಂಕಿನವರು ಆವತ್ತು ಶುಭಾಶಯದ ಮೆಸೇಜು ಕಳಿಸಿದಾಗ ಒಂದು ಕ್ಷಣ ಯಾರದೋ ಎನ್ನಿಸುತ್ತದೆ.

ಮೊಮ್ಮಗಳಿಗೆ ಅಂಥ ಮಾಸ್ತರು ಸಿಗಲಿಲ್ಲ. ಜನನ ಪತ್ರದಲ್ಲಿ ಜನವರಿ 16 ಎಂದಿದೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ರಾಜ್ಯದ ನಿಯಮ. 2025–26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಾದರೆ ಸಾಕು ಎಂದು ಸರ್ಕಾರ ಸಡಿಲ ಮಾಡಿತು. ಎಣಿಸಿ ನೋಡಿದರೆ ನಮ್ಮ ಹುಡುಗಿಗೆ ಎರಡು ವಾರ ಕಡಿಮೆ. ಬೀಗರು ಅಲ್ಲಿ ಇಲ್ಲಿ ಫೋನು ತಿರುಗಿಸಿದರು. "ಸಂಕ್ರಾಂತಿ ತನಕ ಯಾಕ್ ಕಾದಳೋ, ಕ್ರಿಸ್ಮಸ್ಸಿಗೇ ಬಂದಿದ್ರೆ ಆಗಿತ್ತು" ಎಂದು ಹೆಂಡತಿ. ನಾನು ಮೊಮ್ಮಗಳನ್ನು ಹಜಾರದಲ್ಲಿ ನಿಲ್ಲಿಸಿ ಕಿವಿ ಮುಟ್ಟು ಎಂದೆ. ಬೆರಳ ತುದಿ ಕಿವಿಯ ಮೇಲಂಚಿಗೆ ಬಂದು ನಿಂತಿತು, ಕಿವಿಯ ಹಾಲೆ ಸಿಗಲಿಲ್ಲ. ಸರ್ಕಾರದ ಲೆಕ್ಕವೂ ಹಳೆಯ ಮಾಸ್ತರ ಲೆಕ್ಕವೂ ಒಂದೇ ಕಡೆ ಬಂದು ಕೂತದ್ದನ್ನು ಕಂಡು ನನಗಂತೂ ಸಂತೋಷವಾಯಿತು. ಇನ್ನೊಂದು ವರ್ಷ ಆಡಿಕೊಂಡಿರಲಿ ಎಂದೆ. ಅವಳಿಗೆ ಇದರಲ್ಲಿ ಯಾವ ಬೇಜಾರೂ ಇರಲಿಲ್ಲ.

ಈ ವರ್ಷ ಶಾಲೆ ಸೇರಿದಳು, ಸೇರಿದ ವಾರವೇ ಕೆಳಗಿನ ಮುಂದಿನ ಹಲ್ಲು ಅಲ್ಲಾಡತೊಡಗಿತು. ಹಾಲುಹಲ್ಲಿನ ಮೊಳಕೆ ಗರ್ಭ ಕಟ್ಟಿದ ಆರನೇ ವಾರದ ಸುಮಾರಿಗೇ ಒಸಡಿನಲ್ಲಿ ಬಿದ್ದಿರುತ್ತದಂತೆ, ಅಂದರೆ ಆ್ಯಪಿನವರು ಬ್ಲೂಬೆರಿ ಎನ್ನುತ್ತಿದ್ದ ಕಾಲಕ್ಕೆ. ಹಲ್ಲು ಬಿದ್ದದ್ದು ಮಂಗಳವಾರ, ದೋಸೆ ತಿನ್ನುವಾಗ. ಅದನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯಬೇಕು ಎಂದು ನನ್ನ ತಾಯಿ. ಮನೆ ಆರ್‌ಸಿಸಿ, ಸಗಣಿಗೆ ಎರಡು ಬೀದಿ ದಾಟಬೇಕು. "ಹಂಚಿಲ್ದಿದ್ರೆ ನೀರಿನ ಟ್ಯಾಂಕ್ ಮ್ಯಾಲಕ್ಕೆ ಎಸಿ" ಎಂದು ಅರಕಲಗೂಡಿನಿಂದ ಫೋನಿನಲ್ಲೇ ದೊಡ್ಡಮ್ಮ ಶಾಸ್ತ್ರ ತಿದ್ದಿದರು. ನಾನು ತಾರಸಿಗೆ ಹೋಗಿ ಎಸೆದೆ. ಅದು ಟ್ಯಾಂಕಿನ ಮುಚ್ಚಳಕ್ಕೆ ಬಡಿದು ಪಕ್ಕದ ಮನೆಯ ಸಂಡಿಗೆಯ ಮೊರದೊಳಗೆ ಬಿತ್ತು. ಮೊಮ್ಮಗಳು ಮೆಟ್ಟಿಲ ಮೇಲೆ ನಿಂತು ಎಲ್ಲ ನೋಡಿ, "ತಾತ, ಇನ್ನೂ ಹತ್ತೊಂಬತ್ತು ಇದೆ, ಅದನ್ನೆಲ್ಲ ನಾನೇ ಎಸೀತೀನಿ" ಎಂದು ಹೇಳಿ, ಸಂಡಿಗೆಯವರ ಬಾಗಿಲು ಬಡಿಯಲು ಓಡಿದಳು.